ಲೋ ವೋಲ್ಟೇಜಿನ ಮಂದ್ರಸ್ಥಾಯಿ

ನಮ್ಮ ಕಡೆಯ ಮದುವೆ ಮನೆಗಳಲ್ಲಿ ಬೇಸ್ ಎಂಬುದು ಇರಲಿಲ್ಲ. ಹಾಡಿಗೇನೂ ಬರವಿರಲಿಲ್ಲ, ಅಡಿಗೆಯವರು ಒಲೆ ಹೊತ್ತಿಸುವ ಮೊದಲೇ ಮೈಕ್ ಸೆಟ್ಟಿನವ ಗಣಪತಿಯ ಹಾಡು ಹಾಕಿ ಊರನ್ನೆಲ್ಲ ಎಬ್ಬಿಸಿ ಆಗಿರುತ್ತಿತ್ತು. ಆದರೆ ಅದೆಲ್ಲ ಬರುತ್ತಿದ್ದದ್ದು ತೆಂಗಿನ ಮರಕ್ಕೆ ಬಿಗಿದ ಎರಡು ಅಲ್ಯೂಮಿನಿಯಂ ಹಾರ್ನುಗಳಿಂದ. ಒಂದರ ಮುಖ ಗದ್ದೆಯ ಕಡೆಗೆ, ಇನ್ನೊಂದರದ್ದು ಬಸ್ಸು ಹೋಗುವ ಮಾರ್ಗದ ಕಡೆಗೆ. ಹಾರ್ನಿನ ಗುಣವೇ ಹಾಗೆ, ಮಾತನ್ನು ಮೈಲಾಚೆಗೆ ಮುಟ್ಟಿಸುತ್ತದೆ, ಆದರೆ ಸುಮಾರು 300 ಹರ್ಟ್ಸ್‌ನಿಂದ ಕೆಳಗಿನ ಸ್ವರಗಳನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಅದು ನುಡಿಯುವುದು 41 ಹರ್ಟ್ಸ್‌ನಲ್ಲಿ. ಹೀಗಾಗಿ ಬೊಂಬಾಯಿಯಲ್ಲಿ ಆರ್. ಡಿ. ಬರ್ಮನ್ನರಿಗಾಗಿ ಟೋನಿ ವಾಜ್ ನುಡಿಸಿದ್ದೂ, ಮದ್ರಾಸಿನಲ್ಲಿ ಇಳಯರಾಜರಿಗಾಗಿ ಶಶಿಧರನ್ ನುಡಿಸಿದ್ದೂ ನಮ್ಮೂರಿನವರೆಗೆ ಬಂದು, ತೆಂಗಿನ ಮರದ ತುದಿಯಲ್ಲೇ ಉಳಿದುಬಿಡುತ್ತಿತ್ತು. ಮನೆಯ ರೇಡಿಯೋದ ಅಂಗೈಯಗಲದ ಸ್ಪೀಕರಿಗೂ ಅದನ್ನು ಇಳಿಸಿಕೊಡುವ ತ್ರಾಣವಿರಲಿಲ್ಲ. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಬಂತು. ಅದರ ಹಾಡುಗಳು ನಮಗೆಲ್ಲ ಬಾಯಿಪಾಠ. ಆ ಹಾಡುಗಳ ಅಡಿಯಲ್ಲಿ ಇನ್ನೊಂದು ವಾದ್ಯ ತನ್ನದೇ ಮಾತು ಆಡಿಕೊಂಡು ನಡೆದಿದೆ ಎಂಬ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಹಾಗಂತ ನಮ್ಮ ಕಿವಿಗೆ ಮಂದ್ರವೇ ಗೊತ್ತಿರಲಿಲ್ಲ ಎನ್ನುವಂತಿಲ್ಲ. ದೇವಸ್ಥಾನದ ನಗಾರಿ ಇತ್ತು. ನಾಗಮಂಡಲದ ರಾತ್ರಿ ವೈದ್ಯರ ಡಕ್ಕೆ ಇತ್ತು. ಉತ್ಸವದ ದಿನ ಕದಿನ ಸಿಡಿದರೆ ಅಂಗಳದ ನಾಯಿ ಅಟ್ಟದ ಮೆಟ್ಟಿಲ ಅಡಿ ಸೇರುತ್ತಿತ್ತು. ಆಟಿಯಲ್ಲಿ ಕಾಪುವಿನ ಕಡಲು, 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಗೆ ಬಂದು ಬಡಿಯುವಾಗ, ಅರ್ಧ ಹರದಾರಿ ಒಳಗಿದ್ದ ನಮ್ಮ ಅಜ್ಜಿಮನೆಯ ಚಾವಡಿಯಲ್ಲಿ ಮಲಗಿದವರ ಬೆನ್ನಿಗೆ ಅದು ತಿಳಿಯುತ್ತಿತ್ತು. ಆದರೆ ಇವು ಯಾವುದನ್ನೂ ಹಾಡಿನ ಲೆಕ್ಕಕ್ಕೆ ನಾವು ಹಿಡಿದಿರಲಿಲ್ಲ. ಹಾಡು ಎಂದರೆ ಮೇಲಿನದ್ದು, ಕಿವಿಗೆ ಬರುವಂಥದ್ದು.

ಇದನ್ನು ಬದಲಿಸಿದ್ದು ಸಂಗೀತ ರಸಮಂಜರಿ. ಎಂಬತ್ತರ ದಶಕದಲ್ಲಿ ಉಡುಪಿ, ಕಾಪು, ಕಾರ್ಕಳದ ಸುತ್ತಮುತ್ತ ವಾರ್ಷಿಕೋತ್ಸವ ಎಂದು ಬೋರ್ಡು ಬಿದ್ದರೆ ಕೆಳಗೆ ರಸಮಂಜರಿ ಎಂದು ಇರಲೇಬೇಕು. ಯುವಕ ಮಂಡಲ, ಗಣೇಶೋತ್ಸವ ಸಮಿತಿ, ಮಾರಿಪೂಜೆ, ಪರ್ಯಾಯ, ಎಲ್ಲಕ್ಕೂ. ನಾನು ಹಗಲು ಮಣಿಪಾಲದಲ್ಲಿ ಸಿಂಡಿಕೇಟ್ ಬ್ಯಾಂಕಿನ ಗುಮಾಸ್ತ, ಸಂಜೆಯ ಮೇಲೆ ಒಂದು ಆರ್ಕೆಸ್ಟ್ರಾದಲ್ಲಿ ಕಾಂಗೋ ಬಡಿಯುವವ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಆರ್ಕೆಸ್ಟ್ರಾ ಅದಕ್ಕೂ ಎಷ್ಟೋ ಮೊದಲೇ, ಯಾವ ಗಜೆಟ್ಟಿನಲ್ಲಿಯೂ ಬಾರದೆ ಹೋಗಿತ್ತು.

ನಮ್ಮಲ್ಲಿ ಬೇಸ್ ನುಡಿಸುತ್ತಿದ್ದವರು ಒಬ್ಬರೇ, ಅವರನ್ನು ನಾವೆಲ್ಲ ಪೊರ್ಬುಗಳು ಎಂದೇ ಕರೆಯುತ್ತಿದ್ದೆವು. ಶಿರ್ವದ ಕಡೆಯವರು. ಇಗರ್ಜಿಯ ಕ್ವಾಯರಿನಲ್ಲಿ ಸ್ವರ ಕಲಿತವರು, ಬ್ರಾಸ್ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಹೊತ್ತು ತಾಳ ಕಲಿತವರು. ಕರಾವಳಿಯ ಆರ್ಕೆಸ್ಟ್ರಾಗಳಿಗೆ ಗಿಟಾರಿನವರು, ಟ್ರಂಪೆಟ್ಟಿನವರು ಬಂದದ್ದು ಹೆಚ್ಚಾಗಿ ಇಂಥ ಕೊಂಕಣಿ ಕ್ರೈಸ್ತ ಮನೆಗಳಿಂದಲೇ. ಪೊರ್ಬುಗಳ ಗಿಟಾರು ಬಹರೈನಿನಿಂದ ಅವರ ಭಾವ ತಂದುಕೊಟ್ಟದ್ದು. ಆಗ ಆಮದಿನ ಕಟ್ಟುಪಾಡು ಹೇಗಿತ್ತೆಂದರೆ, ಒಳ್ಳೆಯ ವಾದ್ಯ ಬೇಕಾದವನಿಗೆ ಗಲ್ಫಿನಲ್ಲಿ ಒಬ್ಬ ನೆಂಟನಿರಬೇಕು, ಇಲ್ಲದಿದ್ದರೆ ಕಲ್ಕತ್ತೆಯ ಗಿವ್ಸನ್ನಿಗೆ ತೃಪ್ತಿಪಡಬೇಕು. ಗಿಟಾರೇನೋ ಸೂಟ್‌ಕೇಸಿನ ಸಂಗಡ ವಿಮಾನ ಹತ್ತಿ ಬಂತು. ಬೇಸ್ ಆಂಪ್ಲಿಫಯರನ್ನು ಯಾವ ಭಾವ ತಂದಾನು? ಅದು ಗೋದ್ರೆಜ್ ಕಪಾಟಿನ ತೂಕದ ಸಾಮಾನು.

ಅದನ್ನು ಮಾಡಿಕೊಟ್ಟವರು ಕಾರ್ಕಳದ ರೇಡಿಯೋ ಭಟ್ಟರು. ಆನೆಕೆರೆಯ ಕಡೆ ಹೋಗುವ ದಾರಿಯಲ್ಲಿ ಅವರದ್ದೊಂದು ಒಂಟಿಕೋಣೆಯ ಅಂಗಡಿ. ದೆಹಲಿಯ ಅಹುಜಾ ಕಂಪೆನಿಯವರು 1940ರಿಂದ ಮೈಕಿನ ಸಾಮಾನು ಮಾಡಿಕೊಂಡು ಬಂದವರು. ದೇಶದ ಯಾವ ಮೂಲೆಗೆ ಹೋದರೂ ಸಭೆಯ ಮೇಜಿನಡಿಯಲ್ಲಿ ಕೂತಿರುವುದು ಅವರದ್ದೇ ಪೆಟ್ಟಿಗೆ. ಅಂಥ ಪೆಟ್ಟಿಗೆಗಳು ಸಿಡಿಲಿಗೆ ಸಿಕ್ಕಿಯೋ ಮಳೆನೀರು ಕುಡಿದೋ ಕೆಟ್ಟಾಗ ಬರುತ್ತಿದ್ದದ್ದು ಭಟ್ಟರಲ್ಲಿಗೆ. ರಿಪೇರಿಗೆ ಬಂದು ಯಜಮಾನ ಮರೆತುಬಿಟ್ಟ ಸಾಮಾನು ಅವರಲ್ಲಿ ಧಾರಾಳ ಇತ್ತು. ಅದರಲ್ಲಿ 807 ಎಂಬ ನಂಬರಿನ ದಪ್ಪ ವಾಲ್ವುಗಳೂ ಇದ್ದವು, ನೆತ್ತಿಯ ಮೇಲೊಂದು ಲೋಹದ ಟೋಪಿ ಇರುವಂಥವು. ಅವು ಹುಟ್ಟಿದ್ದು ರೇಡಿಯೋ ಟ್ರಾನ್ಸ್‌ಮಿಟರಿಗಾಗಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಕ್ಕುಳಿದ ರಾಶಿ ಲೋಕದ ಸಂತೆಗಳಿಗೆಲ್ಲ ಬಂದು, ಅಗ್ಗವಾಗಿ ಸಿಕ್ಕಿತೆಂಬ ಕಾರಣಕ್ಕೆ ಮೈಕಿನ ಆಂಪ್ಲಿಗಳೊಳಗೂ ಹೊಕ್ಕಿತು. ಭಟ್ಟರು ಅಂಥ ಎರಡನ್ನು ಜೋಡಿಸಿ, ಮುಂದೆ ಬೆಂಗಳೂರಿನ ಬಿಇಎಲ್ ಕಾರ್ಖಾನೆಯ ಇಸಿಸಿ83 ಎಂಬ ಚಿಕ್ಕ ವಾಲ್ವನ್ನು ಕೂರಿಸಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಕೈಯಾರೆ ಸುತ್ತಿದರು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಸುತ್ತಿದರು ಎಂದು ಪೊರ್ಬುಗಳು ಹೇಳುತ್ತಿದ್ದರು. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಭಟ್ಟರು ತಲೆಯೆತ್ತದೆ ಎಡಗೈ ಅಲ್ಲಾಡಿಸುವುದು; ನಾವು ಹೊರಗಿನ ಬೆಂಚಿಯಲ್ಲಿ ಕೂತುಕೊಳ್ಳುವುದು.

ಸ್ಪೀಕರು 15 ಇಂಚಿನದ್ದು, ಮುಚ್ಚಿಹೋದ ಟೂರಿಂಗ್ ಟಾಕೀಸೊಂದರ ಪಾಲು. ಅದರ ಕಾಗದದ ಕೋನು ಒಂದು ಕಡೆ ಹರಿದಿತ್ತು. ಅದಕ್ಕೆ ತೆಳು ಕಾಗದ ಇಟ್ಟು ಫೆವಿಕಾಲು ಬಳಿದರು. ಪೆಟ್ಟಿಗೆ ಹೆಬ್ಬಲಸಿನದ್ದು, ಪ್ಲೈವುಡ್ಡು ಮಳೆಗಾಲದಲ್ಲಿ ಪದರ ಬಿಡುತ್ತದೆ ಎಂಬುದು ಭಟ್ಟರ ವಾದ. ಬಸ್ಸಿನ ಬಾಡಿ ಕಟ್ಟುವಲ್ಲಿಂದ ಸೀಟಿನ ರೆಕ್ಸಿನ್ ತಂದು ಹೊದಿಸಿದರು. ಮೂಲೆಗಳಿಗೆ ಟ್ರಂಕಿನ ತಗಡು. ಅದನ್ನು ಬಸ್ಸಿನ ಟಾಪಿಗೆ ಏರಿಸಲು ನಾಲ್ಕು ಜನ ಬೇಕಿತ್ತು, ಮತ್ತು ಕಂಡಕ್ಟರನ ಬಾಯಿಯಿಂದ ಬರುವುದನ್ನು ಕೇಳಿಸಿಕೊಳ್ಳಲು ಐದನೆಯವನು.

ಒಳಗೆ 500 ವೋಲ್ಟಿನ ಮೇಲಿತ್ತು. “ಕೈ ಹಾಕುವುದಾದರೆ ಒಂದೇ ಕೈ ಮಾರಾಯ್ರೆ, ಇನ್ನೊಂದು ಬೆನ್ನ ಹಿಂದೆ ಇರ್ಲಿ” ಎಂದು ಭಟ್ಟರು ಕೊಡುವಾಗಲೇ ಎಚ್ಚರಿಸಿದ್ದರು. ಎರಡೂ ಕೈ ಹಾಕಿದರೆ ಕರೆಂಟು ಒಂದರಿಂದ ಒಳಹೊಕ್ಕು ಎದೆಯ ಮೂಲಕ ಮತ್ತೊಂದರಿಂದ ಹೊರಡುತ್ತದಂತೆ. ಪೊರ್ಬುಗಳು ಶಿಲುಬೆಯ ಗುರುತು ಮಾಡಿ, ಹಿಂದಿನ ಹಲಗೆಗೆ ಇನ್ನೂ ನಾಲ್ಕು ಸ್ಕ್ರೂ ಜಾಸ್ತಿ ಹೊಡೆದುಕೊಂಡರು.

ಈಗ ಅದರ ಸ್ವರದ ವಿಷಯ. ಇದನ್ನು ಬರೆಯುವುದು ಕಷ್ಟ. ಮೀಟಿದ ಕೂಡಲೇ ಅದು ಎದುರಿಗೆ ಬಂದು ನಿಲ್ಲುತ್ತಿರಲಿಲ್ಲ. ಒಂದು ಕ್ಷಣ ಹಿಂಜರಿದು, ಆಮೇಲೆ ಉಬ್ಬಿ, ಅಂಚುಗಳೆಲ್ಲ ದುಂಡಾಗಿ, ನಂತರದ ಸ್ವರಕ್ಕೆ ಜಾಗ ಬಿಟ್ಟುಕೊಟ್ಟು ಹಿಂದೆ ಸರಿಯುತ್ತಿತ್ತು. ಕಾಂಗೋ ಬಡಿಯುವವನಿಗೆ ಅದರಿಂದ ಭಾರೀ ಉಪಕಾರ. ನನ್ನ ಪೆಟ್ಟು ಮೊದಲು ಬೀಳುತ್ತಿತ್ತು, ಅದಕ್ಕೆ ಮೈ ತುಂಬುವುದು ಪೊರ್ಬುಗಳ ಸ್ವರ. ಬಹಳ ಕಾಲ ನಾನು ಅದು ಪೊರ್ಬುಗಳ ಬೆರಳಿನ ಗುಣವೆಂದೇ ತಿಳಿದಿದ್ದೆ. ಬೆರಳಿನದ್ದೂ ಸ್ವಲ್ಪ ಇತ್ತು. ತಂತಿಯದ್ದೂ ಇತ್ತು: ಹೊಸ ತಂತಿ ಬೊಂಬಾಯಿಯಿಂದ ಬರಬೇಕು, ಅದಕ್ಕೆ ದುಡ್ಡೂ ಬೇಕು, ಆದ್ದರಿಂದ ಅವರು ಹಳೆಯದನ್ನೇ ಬಿಚ್ಚಿ ಕುದಿಯುವ ನೀರಿಗೆ ಹಾಕಿ ಬೆವರಿನ ಜಿಡ್ಡು ತೆಗೆದು ಮತ್ತೆ ಕಟ್ಟುತ್ತಿದ್ದರು. ಗಂಜಿಯ ಪಾತ್ರೆಯಲ್ಲಿ ತಂತಿ ಬೇಯಿಸಿದ್ದಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಗಿತ್ತು.

ಆದರೆ ಆ ಸ್ವರದ ದೊಡ್ಡ ಪಾಲು ಯಾರದ್ದೆಂದು ಕೇಳಿದರೆ, ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯದ್ದು.

ಆ ಕಾಲದ ಸಂಜೆಯ ವೋಲ್ಟೇಜು ನೆನಪಿರುವವರಿಗೆ ಇದು ಬೇಗ ಅರ್ಥವಾದೀತು. ಸೂರ್ಯ ಮುಳುಗಿ ಮನೆಮನೆಯ ಬಲ್ಬು ಹತ್ತಿತೋ ಇಲ್ಲವೋ, 230 ಇರಬೇಕಾದದ್ದು 170ಕ್ಕೆ, ಕೆಲವು ಸಲ ಅದರಿಂದಲೂ ಕೆಳಗೆ ಬಂದು ಕೂರುತ್ತಿತ್ತು. ಟ್ಯೂಬ್‌ಲೈಟು ಎರಡು ತುದಿಗಳಲ್ಲಿ ಕೆಂಪಾಗಿ ಮಿಣುಕಿ ಸುಮ್ಮನಾಗುವುದು. ಪಂಪು ಗುಯ್ಯೆನ್ನುವುದು, ನೀರು ಬಾರದು. ವಾಲ್ವಿನ ಆಂಪ್ಲಿಫಯರಿಗೆ ಮೇಲಿನಿಂದ ಬರುವ ಕರೆಂಟು ಇಳಿಯಿತೆಂದರೆ ಒಳಗಿನ 500 ವೋಲ್ಟೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಜೋರಾಗಿ ಒಂದು ಸ್ವರ ಮೀಟಿದರೆ ಅದಕ್ಕೆ ಬೇಕಾದಷ್ಟು ಶಕ್ತಿ ಕೂಡಲೇ ಒದಗುವುದಿಲ್ಲ. ಒಮ್ಮೆ ಬಳಲಿ, ಕಂಡೆನ್ಸರುಗಳು ಮತ್ತೆ ತುಂಬಿಕೊಂಡ ಮೇಲೆ ಚೇತರಿಸಿಕೊಳ್ಳುತ್ತದೆ. ನಾನು ಬೆರಳಿನ ಗುಣವೆಂದು ತಿಳಿದಿದ್ದ ಆ ಹಿಂಜರಿಕೆ, ಆ ಉಬ್ಬು, ಇದರಿಂದ ಬಂದದ್ದು. ಕಡಲ ತೇವ ಕುಡಿದು ಮೆತ್ತಗಾದ ಕಾಗದದ ಕೋನು ಉಳಿದ ಕೆಲಸ ಮಾಡುತ್ತಿತ್ತು.

ಪೊರ್ಬುಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ವೇದಿಕೆ ಹತ್ತುವ ಮೊದಲು ಭಟ್ಟರು ಕೊಟ್ಟ ಮೀಟರನ್ನು ಪ್ಲಗ್ಗಿಗೆ ಚುಚ್ಚಿ ನೋಡುವರು. ಮುಳ್ಳು ಮೇಲಿದ್ದರೆ ಮುಖ ಸಣ್ಣದಾಗುತ್ತಿತ್ತು. “ಬ್ಯಾಂಕಿನವ್ರೇ, ಕರೆಂಟು ಇವತ್ತು ಜೋರುಂಟು. ಸ್ವರ ಬರ್ಲಿಕ್ಕಿಲ್ಲ.” ಕಾಪುವಿನ ಸುಗ್ಗಿ ಮಾರಿಪೂಜೆಯ ರಾತ್ರಿ ಅವರಿಗೆ ಅತ್ಯಂತ ಪ್ರಿಯ. ಮೂರು ಮಾರಿಗುಡಿಗಳ ದೀಪಾಲಂಕಾರ, ಸಂತೆಯ ಸಾಲು ಸಾಲು ಅಂಗಡಿ, ಇವೆಲ್ಲ ಸೇರಿ ಒಂದೇ ಲೈನನ್ನು ಹೀರುವಾಗ ಮುಳ್ಳು ಎಲ್ಲಿಗೆ ಇಳಿಯುತ್ತಿತ್ತೋ ಅಲ್ಲಿಗೆ ಅವರ ಮನಸ್ಸು ಏರುತ್ತಿತ್ತು. ನಡುರಾತ್ರಿ ಕಳೆದು ಊರಿನ ದೀಪ ಆರುತ್ತ ಬಂದಂತೆ ವೋಲ್ಟೇಜು ಮೇಲೆ ಬರುವುದು, ಸ್ವರ ಬಿಗಿಯಾಗುವುದು, ಅಂಚು ಮೂಡುವುದು. ಆದ್ದರಿಂದ ನಮ್ಮಲ್ಲಿ ಹಾಡುಗಳ ಸರದಿ ಗೊತ್ತುಮಾಡುತ್ತಿದ್ದದ್ದು ಗಾಯಕರಲ್ಲ. ನಿಧಾನದ ಯುಗಳಗೀತೆಗಳೆಲ್ಲ ಎಂಟರಿಂದ ಹತ್ತರೊಳಗೆ. ಕುಣಿಯುವ ಹಾಡು ಹನ್ನೊಂದರ ಮೇಲೆ. ಪ್ರೇಕ್ಷಕರು ಇದನ್ನು ನಮ್ಮ ತಂಡದ ರಸಜ್ಞತೆ ಎಂದುಕೊಂಡಿದ್ದರು.

ಅಮೆರಿಕದ ಎಡ್ಡಿ ವ್ಯಾನ್ ಹೇಲನ್ ಎಂಬ ಗಿಟಾರಿನವನ ಕತೆ ನನಗೆ ಆಮೇಲೆ ತಿಳಿಯಿತು. ಆಂಪ್ಲಿಫಯರಿಗೆ ಹೋಗುವ ಕರೆಂಟನ್ನು ಬೇಕೆಂದೇ ಇಳಿಸಲು ಆತ ವೇರಿಯಾಕ್ ಎಂಬ ಸಾಧನ ಇಟ್ಟುಕೊಂಡಿದ್ದನಂತೆ. 1978ರ ಅವನ ತಂಡದ ಮೊದಲ ಆಲ್ಬಮ್ಮಿನ, ಕಂದು ಬಣ್ಣದ್ದೆಂದೇ ಹೆಸರಾದ ಸ್ವರಕ್ಕೆ ಅದೂ ಒಂದು ಕಾರಣವೆಂದು ಲೋಕದ ಗಿಟಾರಿನವರೆಲ್ಲ ಕೊಂಡಾಡುತ್ತಾರೆ. ನಮಗೆ ಅದನ್ನು ಕೆಇಬಿಯವರು ಮೀಟರ್ ಬಾಡಿಗೆಯಲ್ಲೇ ಸೇರಿಸಿ ಕೊಡುತ್ತಿದ್ದರು.

ಇಂಥ ಕತೆಗಳು ನನಗೆ ಸಿಕ್ಕಿದ್ದು ಮಣಿಪಾಲದ ಹುಡುಗರಿಂದ. ಉಡುಪಿಯ ರಥಬೀದಿಯಿಂದ ಮಣಿಪಾಲದ ಟೈಗರ್ ಸರ್ಕಲ್ಲಿಗೆ ಒಂದು ಗಳಿಗೆಯ ಬಸ್ಸು ದಾರಿ, ಆದರೆ ಸಂಗೀತದಲ್ಲಿ ಅವೆರಡು ಬೇರೆ ಬೇರೆ ಖಂಡಗಳು. ಟಿ. ಎಂ. ಎ. ಪೈಗಳು 1953ರಲ್ಲಿ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದ ಮೇಲೆ ಆ ಬೋಳುಗುಡ್ಡಕ್ಕೆ ದೇಶದ ದಿಕ್ಕುದಿಕ್ಕಿನ ಮಕ್ಕಳು ಬಂದು ಸೇರಿದರು. ತೊಂಬತ್ತರ ದಶಕದಲ್ಲಿ ಶಿಲ್ಲಾಂಗಿನವರು, ಗೋವೆಯವರು, ಕಲ್ಕತ್ತೆಯವರು ಹಾಸ್ಟೆಲಿನಲ್ಲಿ ಬ್ಯಾಂಡು ಕಟ್ಟಿಕೊಂಡು ಕಾಲೇಜಿನ ಉತ್ಸವಗಳಲ್ಲಿ ಇಂಗ್ಲಿಷ್ ರಾಕ್ ನುಡಿಸುತ್ತಿದ್ದರು. ಅವರ ಬಳಿ ಅಲಹಾಬಾದಿನಿಂದ ಹೊರಡುತ್ತಿದ್ದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯ ಹಳೆಯ ಸಂಚಿಕೆಗಳಿರುತ್ತಿದ್ದವು. ಒಂದು ಸಲ ಅಂಥದ್ದೊಂದು ತಂಡ ಬೇಸ್ ಆಂಪ್ಲಿ ಬಾಡಿಗೆಗೆ ಬೇಕೆಂದು ಮೈಕ್ ಸೆಟ್ಟಿನ ಶೆಟ್ಟರ ಮೂಲಕ ಪೊರ್ಬುಗಳ ಪೆಟ್ಟಿಗೆಯನ್ನು ತರಿಸಿಕೊಂಡಿತು. ಬೇಸಿನ ಹುಡುಗ ಹಿಂದಿನ ಜಾಲರಿಯಿಂದ ಇಣುಕಿ ಟೋಪಿ ಹಾಕಿದ ವಾಲ್ವುಗಳನ್ನು ಕಂಡವನೇ, “ಅಂಕಲ್, ಇದು ಆಂಪೆಗ್ಗಾ?” ಎಂದು ಕೇಳಿದ. ಪೊರ್ಬುಗಳು, “ಇಲ್ಲ, ಕಾರ್ಕಳ” ಎಂದರು.

ಆಂಪೆಗ್ ಎಂದರೇನೆಂದು ಆ ಹುಡುಗನೇ ಹೇಳಿದ; ಉಳಿದದ್ದನ್ನು ನಾನು ನಿವೃತ್ತಿಯ ಮೇಲೆ ಓದಿಕೊಂಡೆ. ಲಿಯೋ ಫೆಂಡರ್ 1951ರಲ್ಲಿ ಬೇಸ್ ಗಿಟಾರನ್ನು ಅಂಗಡಿಗೆ ತಂದ. ಅದರ ಸ್ವರ ಕೇಳಿಸಲು ಒಂದು ಯಂತ್ರ ಬೇಕಾಯಿತಲ್ಲ, ಮರುವರ್ಷ ಬೇಸ್‌ಮ್ಯಾನ್ ಎಂಬ ಆಂಪ್ಲಿಫಯರು ಮಾಡಿದ. ಪಾಪ, ಬೇಸಿನವರಿಗೆಂದು ಮಾಡಿದ್ದನ್ನು ಲೀಡ್ ಗಿಟಾರಿನವರು ಎತ್ತಿಕೊಂಡು ಹೋದರು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅದರ ನಕ್ಷೆಯನ್ನೇ ಅನುಸರಿಸಿ ತನ್ನ ಮೊದಲ ಆಂಪ್ಲಿಫಯರನ್ನು ಕಟ್ಟಿಸಿದ. ರಾಕ್ ಸಂಗೀತದ ಆರ್ಭಟವೆಲ್ಲ ಅಲ್ಲಿಂದ ಹೊರಟಿತು. ಬೇಸಿನವರ ಪಾಲು ಪರರದ್ದಾಗುವುದು ನಮ್ಮ ತೆಂಗಿನ ಮರದ ಹಾರ್ನಿನಿಂದಲೇ ಶುರುವಾದದ್ದಲ್ಲ ಎಂದು ಓದಿ ಸಮಾಧಾನವಾಯಿತು.

ಆಂಪೆಗ್ಗಿನ ಎವೆರೆಟ್ ಹಲ್ ಸ್ವತಃ ಬೇಸ್ ವಾದಕ, ಗಿಟಾರಿನದ್ದಲ್ಲ, ನಿಂತು ನುಡಿಸುವ ದೊಡ್ಡ ಪಿಟೀಲಿನಂಥದ್ದರದ್ದು. ಅವನ ಕಂಪೆನಿಯ ಬಿ-15 ಎಂಬ ಪೆಟ್ಟಿಗೆ 1960ರಲ್ಲಿ ಬಂತು, ನಮ್ಮದರಂತೆಯೇ ಒಂದು 15 ಇಂಚಿನ ಸ್ಪೀಕರು. ಡೆಟ್ರಾಯಿಟಿನ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಕ್ಲಬ್ಬುಗಳಲ್ಲಿ ನುಡಿಸಿದ್ದು ಅದರಲ್ಲೇ. ಅವನು ತೋರುಬೆರಳೊಂದರಿಂದಲೇ ಮೀಟುತ್ತಿದ್ದ, ತಂತಿ ಕಡಿದುಹೋಗುವ ತನಕ ಬದಲಿಸುತ್ತಿರಲಿಲ್ಲ. ಬೇಯಿಸಿದ ಸುದ್ದಿ ಇಲ್ಲ. 1969ರಲ್ಲಿ ಆಂಪೆಗ್ಗಿನವರು ಎಸ್‌ವಿಟಿ ಎಂಬ 300 ವಾಟಿನ ದೈತ್ಯನನ್ನು ತಂದರು. 14 ವಾಲ್ವು, ಕೆಳಗೆ 10 ಇಂಚಿನ ಎಂಟು ಸ್ಪೀಕರುಗಳ ದೊಡ್ಡ ಪೆಟ್ಟಿಗೆ. ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷದ ಅಮೆರಿಕ ಪ್ರವಾಸಕ್ಕೆ ಅದನ್ನು ಹೊತ್ತುಕೊಂಡು ಹೋಯಿತು. ನನಗೆ ಇದರಲ್ಲೆಲ್ಲ ಹೆಚ್ಚು ಹಿಡಿಸಿದ್ದು ಒಂದು ಸಣ್ಣ ಸಂಗತಿ: ಆ ಮೊದಲ ಎಸ್‌ವಿಟಿಗಳಲ್ಲಿ ಇದ್ದದ್ದು 6146 ಎಂಬ ವಾಲ್ವು, ಅದೂ ಟ್ರಾನ್ಸ್‌ಮಿಟರಿಗೆಂದು ಮಾಡಿದ್ದೇ, ಅದಕ್ಕೂ ನೆತ್ತಿಯ ಮೇಲೆ ಟೋಪಿ. ಹುಡುಗ ಇಣುಕಿ ನೋಡಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಭಟ್ಟರು ಆಂಪೆಗ್ಗಿನ ಹೆಸರು ಕೇಳಿದವರಲ್ಲ, ಆಂಪೆಗ್ಗಿನವರಿಗೆ ಆನೆಕೆರೆ ಎಲ್ಲಿದೆಯೆಂದು ಗೊತ್ತಿಲ್ಲ.

ಇದೆಲ್ಲ ಹೇಗೆ ಹೋಯಿತೆಂದರೆ, ಒಂದೇ ಏಟಿಗೆ ಹೋದದ್ದಲ್ಲ. ಮೊದಲು ಬಂದದ್ದು ಜಪಾನಿನ ಕೀಬೋರ್ಡು. ಎಡಗೈಯ ಮೂರು ಬೆರಳಿಟ್ಟರೆ ತಾಳವನ್ನೂ ಬೇಸನ್ನೂ ತಾನೇ ನುಡಿಸಿಕೊಂಡು ಹೋಗುವಂಥದ್ದು. ಸಮಿತಿಯವರು ಲೆಕ್ಕ ಹಾಕಿದರು: ಒಬ್ಬನಿಗೆ ಕೊಟ್ಟರೆ ಮೂವರ ಕೆಲಸ. ಮೊದಲು ನನ್ನ ಕಾಂಗೋ ಹೋಯಿತು, ನನಗೆ ಬ್ಯಾಂಕಿತ್ತು. ಪೊರ್ಬುಗಳಿಗೆ ಇದ್ದದ್ದು ಮಲ್ಲಿಗೆಯ ತೋಟ ಒಂದೇ. ಶಂಕರಪುರದ ಮಲ್ಲಿಗೆಯ ರೇಟು ದಿನಕ್ಕೊಂದು. ಆಮೇಲೆ ಟ್ರ್ಯಾಕ್ ಎಂಬುದು ಬಂತು. ವಾದ್ಯಗಳೆಲ್ಲ ಒಂದು ತಟ್ಟೆಯೊಳಗೆ, ಗಾಯಕ ಮಾತ್ರ ಹೊರಗೆ. 2000ದ ಶಬ್ದಮಾಲಿನ್ಯದ ನಿಯಮ ರಾತ್ರಿ ಹತ್ತರ ಮೇಲೆ ಮೈಕು ಬೇಡವೆಂದಿತು. ತಪ್ಪೆನ್ನಲಾರೆ, ಮಕ್ಕಳಿಗೆ ಪರೀಕ್ಷೆ ಇರುತ್ತದೆ, ಮನೆಯಲ್ಲಿ ಕಾಯಿಲೆಯವರಿರುತ್ತಾರೆ. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನದ ಆಟಗಳೇ ಕಾಲಮಿತಿಗೆ ಬಂದಿರುವಾಗ ರಸಮಂಜರಿಯ ಗೋಳು ಯಾರಿಗೆ ಬೇಕು.

ಬೇಸಿಗೆ ಈಗ ಬರವಿಲ್ಲ ಎಂಬುದೇ ತಮಾಷೆ. ಪರ್ಯಾಯದ ಹಿಂದಿನ ರಾತ್ರಿ, ಜನವರಿ 17ಕ್ಕೆ, ಉಡುಪಿಯ ಬೀದಿಗಳಲ್ಲಿ ನಡೆದು ನೋಡಿ. ಲಾರಿಯ ಮೇಲೆ ಪೇರಿಸಿದ 18 ಇಂಚಿನ ಸಬ್‌ವೂಫರುಗಳ ಎದುರು ಅಂಗಿಯ ಗುಂಡಿ ನಡುಗುತ್ತದೆ, ಅಂಗಡಿಯ ಗಾಜು ಜಲ್ಲೆನ್ನುತ್ತದೆ. ಹುಡುಗರು ಕುಣಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ನಾವೂ ಊರು ಮಲಗಲು ಬಿಟ್ಟವರಲ್ಲ. ಆದರೆ ಆ ಗುಡುಗಿನೊಳಗೆ ಸ್ವರ ಯಾವುದೆಂದು ಹೇಳಿ ನೋಡೋಣ. ಪೊರ್ಬುಗಳ ಬೇಸು ಎದೆಗೆ ಬಡಿಯುತ್ತಿರಲಿಲ್ಲ. ಹಾಡುವವಳು ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಅವರು ನಾಲ್ಕು ಮೆಟ್ಟಿಲು ಮೊದಲೇ ಇಳಿದು ಕೆಳಗೆ ಕಾಯುತ್ತಿದ್ದರು, ಅವಳು ಅಲ್ಲಿಗೆ ಬಂದು ತಲುಪುತ್ತಿದ್ದಳು. ಸ್ವರ ಎಂದರೆ ನನಗೆ ಅಷ್ಟು.

ಪೊರ್ಬುಗಳು ತೀರಿಕೊಂಡದ್ದು ಅತ್ತೂರಿನ ಹಬ್ಬ ಕಳೆದ ವಾರ. ಆ ಹಬ್ಬದ ದಿನಗಳಲ್ಲಿ ಎಷ್ಟು ದೊಡ್ಡ ಸಮಿತಿ ಕರೆದರೂ ಅವರು ಕಾರ್ಯಕ್ರಮ ಒಪ್ಪಿಕೊಂಡವರಲ್ಲ. ಸಂತ ಲಾರೆನ್ಸರಿಗೆ ಮೇಣದ ಬತ್ತಿ ಹಚ್ಚದೆ ವರ್ಷ ಶುರುವಾಗುವುದಿಲ್ಲ ಎನ್ನುವವರು. ಆ ವರ್ಷವೂ ಹಚ್ಚಿ ಬಂದಿದ್ದರು. ಮಣ್ಣು ಮಾಡಿದ ಮೇಲೆ ಅವರ ಮನೆಯಲ್ಲಿ ಪೆಟ್ಟಿಗೆಯ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ. ಮತ್ತೊಂದು ಸಲ ಹೋದಾಗ ಅವರ ಸೊಸೆಯೇ ಹೇಳಿದಳು, ಗುಜರಿಯವ ಬಂದಿದ್ದ, ಒಳ್ಳೆಯ ಕ್ರಯ ಕೊಟ್ಟ, ತಾಮ್ರ ತುಂಬ ಇತ್ತಂತೆ ಅದರಲ್ಲಿ. ಭಟ್ಟರು ಎಡಗೈ ಅಲ್ಲಾಡಿಸಿ ನಮ್ಮನ್ನು ಹೊರಗೆ ಕೂರಿಸಿ ಸುತ್ತಿದ ತಾಮ್ರ. ಅವಳನ್ನು ದೂರಲು ಸಾಧ್ಯವೇ? ಆ ಸಾಮಾನು ಅವಳಿಗೆ ಮನೆ ಗುಡಿಸುವಾಗ ಅಡ್ಡ ಬರುವ ಒಂದು ಭಾರ. ಕಾಫಿ ಕುಡಿದು ಎದ್ದು ಬಂದೆ. ಗಿಟಾರು ಮಾತ್ರ ಗೋಡೆಯ ಮೇಲಿತ್ತು, ಪಕ್ಕದಲ್ಲಿ ಕ್ಯಾಲೆಂಡರು.

ನನ್ನ ತಂಗಿಯ ಮಗ ಈಗ ಮಣಿಪಾಲದಲ್ಲಿ ಓದುತ್ತಿದ್ದಾನೆ, ಬೇಸ್ ನುಡಿಸುತ್ತಾನೆ. ಅವನ ಬಳಿ ಆಂಪ್ಲಿಫಯರೇ ಇಲ್ಲ. ಗಿಟಾರಿನ ವಯರು ಲ್ಯಾಪ್‌ಟಾಪಿಗೆ, ಕಿವಿಗೆ ಎರಡು ಬಿರಡೆ. ತೆರೆಯ ಮೇಲೆ ಬೇಸ್‌ಮ್ಯಾನ್ ಉಂಟು, ಬಿ-15 ಉಂಟು, ಎಸ್‌ವಿಟಿ ಉಂಟು, ಒಂದೊಂದರ ಚಿತ್ರವೂ ಉಂಟು, ಹಳೆಯದ್ದೆಂದು ತೋರಿಸಲು ಬಟ್ಟೆಯ ಮೇಲೆ ಕಲೆ ಸಹಿತ. ‘ಸ್ಯಾಗ್’ ಎಂಬ ಹೆಸರಿನ ಒಂದು ಗುಬ್ಬಿ ಇದೆ. ಅದನ್ನು ತಿರುಗಿಸಿದರೆ ಕರೆಂಟು ಬಳಲಿದ ಹಾಗೆ ಸ್ವರ ಬಳಲುತ್ತದೆ. ನಿಜವಾದ ಒಂದು ಆಂಪ್ಲಿಫಯರು ಸಿಕ್ಕಿದರೆ ಅದಕ್ಕೆ ಮೈಕು ಹಿಡಿದು, ಅದರ ಸ್ವಭಾವವನ್ನೆಲ್ಲ ಕಂಪ್ಯೂಟರಿಗೆ ಕಲಿಸಿ ಇಟ್ಟುಕೊಳ್ಳಬಹುದಂತೆ. ಇದನ್ನು ಕೇಳಿದ ಮೇಲೆ ನಾನೇ ಅವನನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದೆ. ಭಟ್ಟರಿಲ್ಲ, ಅಂಗಡಿಯಿದ್ದಲ್ಲಿ ಮೊಬೈಲು ಮಾರುತ್ತಾರೆ. ಆದರೆ ಪೊರ್ಬುಗಳಿಗೆ ಮಾಡಿಕೊಡುವ ಮೊದಲು ಪರೀಕ್ಷೆಗೆಂದು ಜೋಡಿಸಿದ್ದ ಒಂದು ತಗಡಿನ ಚಾಸಿಸು ಅವರ ಮನೆಯ ಅಟ್ಟದ ಮೇಲಿದೆಯೆಂದು ನನಗೆ ಗೊತ್ತಿತ್ತು.

ಭಟ್ಟರ ಮನೆಯಾಕೆ, ನಾವೆಲ್ಲ ಅಮ್ಮ ಎನ್ನುವವರು, ಬೇಡವೆನ್ನಲಿಲ್ಲ. ನನ್ನ ಅಳಿಯ ಅದನ್ನು ಇಳಿಸಿ, ಧೂಳು ಹೊಡೆದು, ಕೆಟ್ಟ ಕಂಡೆನ್ಸರುಗಳನ್ನು ಬದಲಿಸಿ (ಒಂದು ಕೈ ಬೆನ್ನ ಹಿಂದೆ ಇಡಿಸಿದ್ದು ನಾನೇ) ತಾನು ತಂದ ಸ್ಪೀಕರಿಗೆ ಕೊಟ್ಟ. ವಾಲ್ವುಗಳು ಕೆಂಪಗೆ ಹತ್ತಿದವು. ಮೀಟಿದ. ಸ್ವರ ಗಟ್ಟಿಯಾಗಿ, ನೆಟ್ಟಗೆ, ಎಳ್ಳಷ್ಟೂ ಹಿಂಜರಿಯದೆ ಬಂತು.

“ಇದೇನಾ ಮಾವ?” ಎಂದ.

“ಈಗ ಮೂರು ಗಂಟೆ. ಏಳರ ತನಕ ಕಾಯಿ” ಎಂದೆ.

ಕಾದೆವು. ಅಮ್ಮ ಬಾಳೆಹಣ್ಣಿನ ಬನ್ಸು ಮಾಡಿದರು. ಏಳಕ್ಕೆ ಬೀದಿದೀಪ ಹತ್ತಿತು, ಎದುರುಮನೆಯ ಟಿವಿ ಹಾಕಿದರು, ಪಕ್ಕದ ಕಟ್ಟಡದಲ್ಲಿ ಎಸಿ ಶುರುವಾಯಿತು. ಅಳಿಯ ಮೀಟರು ಚುಚ್ಚಿದ. 231. ಏಳೂವರೆಗೆ 230. ಎಂಟಕ್ಕೆ ಮತ್ತೆ 231.

“ಸ್ವಲ್ಪವೂ ಇಳಿಯುವುದಿಲ್ಲವಲ್ಲ ಅಮ್ಮ?” ಎಂದು ಒಳಗೆ ಕೇಳಿದೆ.

“ಇಲ್ಲಪ್ಪ, ಈಗ ಆ ಉಪದ್ರ ಏನೂ ಇಲ್ಲ” ಎಂದು ಅವರು ಅಡಿಗೆಮನೆಯಿಂದಲೇ ಕೂಗಿ ಹೇಳಿದರು. “ಅವರು ಇರುವಾಗ ಸಂಜೆ ಒಂದು ಚಟ್ನಿ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ. ಈಗ ನೋಡು, ಮಿಕ್ಸಿ ಎಷ್ಟು ಚಂದ ತಿರುಗ್ತದೆ!” ಮತ್ತು ಅದನ್ನು ತಿರುಗಿಸಿಯೇ ತೋರಿಸಿದರು.